ಬಕೆಟ್ ಕಿಟ್ ಕೊಳ್ಳುವ ಮುಂಚೆ 35 ಲೀಟರ್ ನೀರು ಚೆಲ್ಲಿ ನೋಡಿ

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಈಗ ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಸಣ್ಣದೊಂದು ಜಿಂಕ್ ಪ್ಲೇಟಿಂಗ್ (ಲೋಹದ ಮೇಲೆ ಸತುವಿನ ಲೇಪ) ಶಾಪ್ ನಡೆಸುತ್ತಿದ್ದೇನೆ. ಎರಡು ಶಿಫ್ಟ್ ಸೇರಿ 16 ಜನ, ಗುರುವಾರ ರಜೆ. ಪಿಕ್ಲಿಂಗಿಗೆ, ಅಂದರೆ ಲೋಹದ ತುಕ್ಕು ತೆಗೆಯಲು, ಎಚ್‌ಸಿಎಲ್ (ಹೈಡ್ರೋಕ್ಲೋರಿಕ್ ಆಸಿಡ್), ಸ್ವಲ್ಪ ಸಲ್ಫ್ಯೂರಿಕ್, ನೈಟ್ರಿಕ್, ಕಾಸ್ಟಿಕ್ ಫ್ಲೇಕ್ಸ್, ಇಟಿಪಿಗೆ (ಕೊಳೆ ನೀರು ಶುದ್ಧ ಮಾಡುವ ಘಟಕ) ಹೈಪೋ (ಸೋಡಿಯಂ ಹೈಪೋಕ್ಲೋರೈಟ್) ಇಟ್ಟುಕೊಂಡಿದ್ದೇವೆ. ಒಂದು ಲೈನಿನಲ್ಲಿ ಇನ್ನೂ ಸಯನೈಡ್ ಬಾತ್ ಇದೆ. ಈಚೆಗೆ ಆರ್ಡರ್ ಕೊಡುವ ಕಂಪನಿಯ ಆಡಿಟರ್ ಬಂದು ‘ಸ್ಪಿಲ್ ಕಿಟ್ ಎಲ್ಲಿದೆ?’ ಎಂದು ಕೇಳಿದರು. ಡೀಲರ್ ಒಬ್ಬರು ಬಕೆಟ್ ಕಿಟ್ (ಚೆಲ್ಲಿದ ಕೆಮಿಕಲ್ ಎತ್ತಲು ಬೇಕಾದ ಪುಡಿ, ಪ್ಯಾಡ್, ಗ್ಲೌಸ್ ತುಂಬಿದ ಬಕೆಟ್) ತೋರಿಸಿದ್ದಾರೆ. ಇದುವರೆಗೆ ಆಸಿಡ್ ಚೆಲ್ಲಿದರೆ ಕಟ್ಟಿಗೆ ಹೊಟ್ಟು ಹಾಕಿ, ಪೈಪ್ ಹಿಡಿದು ಮೋರಿಗೆ ತೊಳೆಯುತ್ತಿದ್ದೆವು. ಕಿಟ್ ತಗೊಂಡರೆ ಸಾಕಾ? ನೆಲ ಶಹಾಬಾದ್ ಫರಸಿಯದು.

ಉತ್ತರ: ಕಿಟ್ ತಗೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಅದಕ್ಕೂ ಮುಂಚೆ ಒಂದು ಗುರುವಾರ ಶಾಪಿಗೆ ಬನ್ನಿ. ಹೊಸ 35 ಲೀಟರ್ ಕ್ಯಾನಿಗೆ ನೀರು ತುಂಬಿಸಿ, ಗುರುತು ಸಿಗಲಿ ಅಂತ ಸ್ವಲ್ಪ ಹೋಳಿ ಬಣ್ಣ ಕಲಸಿ. ಪ್ಲೇಟಿಂಗಿಗೆ ಕರೆಂಟ್ ಕೊಡುವ ರೆಕ್ಟಿಫೈಯರ್‌ಗಳ ಮೇನ್ ಆಫ್ ಮಾಡಿ. ಆಮೇಲೆ, ದಿನಾ ಆಸಿಡ್ ಬಗ್ಗಿಸುವ ಜಾಗದಲ್ಲೇ ಆ ಕ್ಯಾನ್ ಉರುಳಿಸಿ. ಕೈ ಹಾಕದೆ ಸುಮ್ನೆ ನಿಂತು ನೋಡಿ.

ಸಪಾಟಾದ ನೆಲದಲ್ಲಿ 35 ಲೀಟರ್ ಮೂರು ಮಿಲಿಮೀಟರ್ ದಪ್ಪಕ್ಕೆ ಹರಡಿದರೆ ಸುಮಾರು 125 ಚದರ ಅಡಿ ಆಗುತ್ತದೆ. ಒಂದು ಬೆಡ್‌ರೂಮಿನಷ್ಟು ಜಾಗ. ನೀರು ಎಷ್ಟು ಹೊತ್ತಿಗೆ ಬಾಗಿಲು ದಾಟಿತು, ಯಾವ ಮೋರಿಗೆ ಇಳಿಯಿತು, ಸಯನೈಡ್ ಲೈನಿನ ಕಡೆ ಹರಿಯಿತಾ, ಹುಡುಗರು ಹೊರಗೆ ಓಡಬೇಕಾದ ದಾರಿಯಲ್ಲೇ ನಿಂತಿತಾ ಎಂದು ನೋಡಿಕೊಳ್ಳಿ. ಅಂಚಿಗೆ ಚಾಕ್‌ನಿಂದ ಗೆರೆ ಎಳೆದು ಫೋಟೋ ತೆಗೆಯಿರಿ. ಎಲ್ಲಿ ಕಟ್ಟೆ ಬೇಕು, ಎಲ್ಲಿ ಮರಳು ಇಡಬೇಕು, ಯಾವ ಮೋರಿಗೆ ಮುಚ್ಚಳ ಬೇಕು ಎಂಬುದೆಲ್ಲ ಆ ಗೆರೆಯಲ್ಲೇ ಇರುತ್ತದೆ. ಡೀಲರ್ ನಿಮ್ಮ ನೆಲದ ಇಳಿಜಾರು ನೋಡಿ ಕಿಟ್ ಮಾಡಿದ್ದಲ್ಲ, ಅಲ್ವಾ?

ಈಗ ಸ್ವಲ್ಪ ಲೆಕ್ಕ. ಬಕೆಟ್ ಕಿಟ್ಟಿನಲ್ಲಿ ಆಸಿಡ್ ನ್ಯೂಟ್ರಲ್ ಮಾಡಲು ಅಂತ ಒಂದೋ ಎರಡೋ ಕಿಲೋ ಪುಡಿ ಇದ್ದರೆ ಅದೇ ಜಾಸ್ತಿ. ಬಜಾರಿನಲ್ಲಿ ಸಿಗುವ ಎಚ್‌ಸಿಎಲ್ ಸುಮಾರು ಶೇಕಡಾ 33ರದು. ಅದರ ಒಂದು ಲೀಟರಿಗೆ ಸುಮಾರು 550 ಗ್ರಾಂ ಸೋಡಾ ಆಶ್ (ಸೋಡಿಯಂ ಕಾರ್ಬೋನೇಟ್ ಪುಡಿ) ಬೇಕು. ಅಂದರೆ ಒಂದು ಕ್ಯಾನಿಗೆ ಹತ್ತಿರಹತ್ತಿರ 20 ಕಿಲೋ. ಶೇಕಡಾ 98ರ ಸಲ್ಫ್ಯೂರಿಕ್ ಆದರೆ ಲೀಟರಿಗೆ 1.9 ಕಿಲೋ, ಒಂದು ಕ್ಯಾನಿಗೆ 65ರಿಂದ 70 ಕಿಲೋ. ಸುಮ್ನೆ ಪುಡಿ ಜಾಸ್ತಿ ಇಟ್ಟುಕೊಂಡರೆ ಆಯಿತು ಅಂದುಕೊಳ್ಳಬೇಡಿ. ಒಂದು ಕ್ಯಾನ್ ಎಚ್‌ಸಿಎಲ್ ಮೇಲೆ ಅಷ್ಟೂ ಸೋಡಾ ಆಶ್ ಸುರಿದರೆ ನಾಲ್ಕು ಸಾವಿರ ಲೀಟರಿಗೂ ಮೀರಿ ಕಾರ್ಬನ್ ಡೈಆಕ್ಸೈಡ್ ಏಳುತ್ತದೆ. ನೊರೆ ಉಕ್ಕುತ್ತದೆ, ಬಿಸಿಯಾಗುತ್ತದೆ, ಆಸಿಡ್ ಹನಿಗಳು ಮುಖಕ್ಕೆ ಹಾರುತ್ತವೆ. ಮೂಲೆಯ ಪಿಟ್‌ನಲ್ಲಿ ಯಾರಾದರೂ ಇದ್ದರೆ ಉಸಿರಿಗೇ ತೊಂದರೆ.

ಅದಕ್ಕೇ ನಾನು ಹೇಳುವ ಕ್ರಮ ಬೇರೆ. ಮೊದಲು ಹರಿಯದಂತೆ ತಡೆಯಬೇಕು. ಆಮೇಲೆ ಹೀರಿಸಿ ಎತ್ತಬೇಕು. ಸೋಡಾ ಆಶ್ ಬರುವುದು ಕೊನೆಗೆ, ನೆಲಕ್ಕೆ ಅಂಟಿ ಉಳಿದ ಪಸೆಗೆ ಮಾತ್ರ. ಅದನ್ನೂ ಅಂಚಿನಿಂದ ಒಳಗೆ, ಸ್ವಲ್ಪ ಸ್ವಲ್ಪವಾಗಿ ಹಾಕಿ. ನೊರೆ ನಿಂತ ಮೇಲೆ ಪಿಎಚ್ ಪೇಪರ್ ಒತ್ತಿ ನೋಡಿ. 6ರಿಂದ 9ರ ನಡುವೆ ಬಂದರೆ ಆಯಿತು. ಈ ಲೆಕ್ಕದಲ್ಲಿ ನಿಮಗೆ ಒಂದು 50 ಕಿಲೋ ಚೀಲ ಸೋಡಾ ಆಶ್ ಧಾರಾಳ ಸಾಕು. ಆದರೆ ಮರಳು ಹತ್ತು ಚೀಲವಾದರೂ ಬೇಕು.

ಮರಳು ಅಂದರೆ ಒಣ ಮರಳು. ಭೋಸರಿ, ಚಾಕಣ ಕಡೆ ಫೌಂಡ್ರಿಗಳಿಗೆ ಮಾಲು ಕೊಡುವವರ ಹತ್ತಿರ ಸಿಲಿಕಾ ಮರಳೂ ಬೆಂಟೋನೈಟ್ ಎಂಬ ಜೇಡಿಮಣ್ಣಿನ ಪುಡಿಯೂ ಚೀಲಗಟ್ಟಲೆ ಸಿಗುತ್ತವೆ. ಬೆಳಗಾವಿ ಫೌಂಡ್ರಿಯಲ್ಲಿ ಕೆಲಸ ಮಾಡಿ ಬಂದವರು ನಿಮ್ಮಲ್ಲಿದ್ದರೆ ಅವರಿಗೆ ಹೇಳಿಕೊಡಬೇಕಾಗಿಲ್ಲ. ಮರಳು ಒಡ್ಡು ಕಟ್ಟುತ್ತದೆ, ಬೆಂಟೋನೈಟ್ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಎರಡೂ ಪಸೆ ಹಿಡಿದು ಗಟ್ಟಿಯಾಗುತ್ತವೆ. ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿಡಿ. ಎತ್ತುವ ಸಲಿಕೆಯೂ ಪ್ಲಾಸ್ಟಿಕ್‌ನದೇ ಇರಲಿ. ಅಲ್ಯೂಮಿನಿಯಂ ಪಾತ್ರೆ, ತಗಡಿನ ಡಬ್ಬ ಇಲ್ಲಿ ತರಲೇಬೇಡಿ. ಆಸಿಡ್ ಲೋಹ ತಿಂದರೆ ಹೈಡ್ರೋಜನ್ ಬರುತ್ತದೆ. ಅಲ್ಯೂಮಿನಿಯಂ ಆದರೆ ಕಾಸ್ಟಿಕ್ಕಿಗೂ ಅದೇ ಗತಿ.

ಕಿಟ್ಟಿನಲ್ಲಿರುವ ಪ್ಯಾಡ್‌ಗಳನ್ನೂ ಪರೀಕ್ಷೆ ಮಾಡಿ. ಬಿಳಿ ಪ್ಯಾಡ್ ಸಾಮಾನ್ಯವಾಗಿ ಎಣ್ಣೆಗೆ ಮಾಡಿದ್ದು. ಅದು ಎಣ್ಣೆ ಹೀರುತ್ತದೆ, ನೀರನ್ನು ದೂರ ತಳ್ಳುತ್ತದೆ. ನಿಮ್ಮ ಆಸಿಡ್ ನೀರಿನ ಜಾತಿ, ಹಾಗಾಗಿ ಆ ಪ್ಯಾಡ್ ಮೇಲೆ ಹನಿಹನಿಯಾಗಿ ಉರುಳಾಡುತ್ತದೆ ಅಷ್ಟೆ. ಡೀಲರ್ ಎದುರಿಗೇ ಒಂದು ಲೋಟ ನೀರು ಹಾಕಿ ನೋಡಿ. ಹೀರದಿದ್ದರೆ ವಾಪಸ್ ಕೊಟ್ಟು ಕೆಮಿಕಲ್‌ಗೆ ಅಂತಲೇ ಇರುವ ಪ್ಯಾಡ್ ಕೇಳಿ, ಹಳದಿ ಬಣ್ಣದಲ್ಲಿ ಬರುತ್ತವೆ. ಕಿಟ್ಟಿನ ಜೊತೆ ಬರುವ ತೆಳ್ಳನೆ ಗ್ಲೌಸ್, ಧೂಳಿನ ಮಾಸ್ಕ್ ಕೂಡ ನಿಮ್ಮ ಕೆಲಸಕ್ಕಲ್ಲ. ಮೊಣಕೈವರೆಗೆ ಬರುವ ಪಿವಿಸಿ ಅಥವಾ ನಿಯೋಪ್ರೀನ್ ಗ್ಲೌಸ್, ಸುತ್ತ ಮುಚ್ಚುವ ಗಾಗಲ್, ಮುಖದ ಶೀಲ್ಡ್, ಏಪ್ರನ್, ಗಮ್ ಬೂಟ್, ಆಸಿಡ್ ಗ್ಯಾಸ್ ಕಾರ್ಟ್ರಿಜ್ ಇರುವ ಮಾಸ್ಕ್ ಎರಡು ಸೆಟ್ ಇರಲಿ. ಎರಡೇಕೆ ಅಂದರೆ ಒಬ್ಬನನ್ನೇ ಒಳಗೆ ಕಳಿಸಬಾರದು. ಪ್ಯಾಂಟ್ ಬೂಟಿನ ಹೊರಗಿರಬೇಕು, ಒಳಗೆ ತುರುಕಿದರೆ ಆಸಿಡ್ ನೇರ ಪಾದಕ್ಕೆ ಇಳಿಯುತ್ತದೆ.

ಇನ್ನು ಕಟ್ಟಿಗೆ ಹೊಟ್ಟು. ಅದನ್ನು ಇವತ್ತೇ ಹೊರಗೆ ಹಾಕಿಸಿ. ಎಚ್‌ಸಿಎಲ್ ಮೇಲೆ ಅದು ನಡೆದುಹೋಗಿರಬಹುದು. ಸಲ್ಫ್ಯೂರಿಕ್ ಅದನ್ನು ಸುಟ್ಟು ಕರಿ ಮಾಡುತ್ತದೆ. ನೈಟ್ರಿಕ್ ಮೇಲೆ ಹಾಕಿದರೆ ಬೆಂಕಿಯೇ ಹತ್ತಬಹುದು. ಪ್ಯಾಸಿವೇಶನ್ ಲೈನಿನಲ್ಲಿ (ಸತುವಿನ ಲೇಪಕ್ಕೆ ರಕ್ಷಣೆಯ ಪದರ ಕೊಡುವ ಕಡೆ) ಕ್ರೋಮಿಕ್ ಆಸಿಡ್ ಫ್ಲೇಕ್ಸ್ ಇದ್ದರೆ ಅದಕ್ಕೂ ಇದೇ ಮಾತು. ನೈಟ್ರಿಕ್ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಅದರಿಂದ ಏಳುವ ಕಂದು ಹೊಗೆ ಕುಡಿದವನಿಗೆ ಆ ಕ್ಷಣಕ್ಕೆ ಸ್ವಲ್ಪ ಕೆಮ್ಮು ಬಂದು ನಿಲ್ಲುತ್ತದೆ. ಚೆನ್ನಾಗಿದ್ದೇನೆ ಸರ್ ಅಂತ ಮನೆಗೆ ಹೋಗುತ್ತಾನೆ. ರಾತ್ರಿ ಶ್ವಾಸಕೋಶದಲ್ಲಿ ನೀರು ತುಂಬಬಹುದು. ಕಂದು ಹೊಗೆ ಮೂಗಿಗೆ ಹೋದವನನ್ನು ಆಸ್ಪತ್ರೆಯಲ್ಲಿ ತೋರಿಸದೆ ರೂಮಿಗೆ ಕಳಿಸಬೇಡಿ, ಅವನೇ ಬೇಡ ಅಂದರೂ.

ಪೈಪ್ ಹಿಡಿದು ತೊಳೆಯುವುದೂ ನಿಲ್ಲಬೇಕು. ಸಾಂದ್ರ ಸಲ್ಫ್ಯೂರಿಕ್ ಮೇಲೆ ನೀರು ಬಿದ್ದರೆ ಕುದಿದು ಸಿಡಿಯುತ್ತದೆ. ಎಚ್‌ಸಿಎಲ್ ಆದರೆ ನೀರು ಹಾಕಿದಷ್ಟೂ ಹರಡುತ್ತದೆ. ಮೋರಿಗೆ ಹೋದ ಆಸಿಡ್ ಅಲ್ಲಿ ಯಾವುದರ ಜೊತೆ ಸೇರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ. 2022ರ ಜನವರಿಯಲ್ಲಿ ಸೂರತ್‌ನ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಟ್ಯಾಂಕರ್‌ನಿಂದ ಕೆಮಿಕಲ್ಲನ್ನು ಚರಂಡಿಗೆ ಬಿಟ್ಟರು. ಎದ್ದ ವಿಷಗಾಳಿಗೆ ಹತ್ತಿರದಲ್ಲಿದ್ದ 6 ಜನ ಕಾರ್ಮಿಕರು ಸತ್ತರು. ಭೋಸರಿಯ ಮೋರಿ ಕೊನೆಗೆ ಸೇರುವುದು ಇಂದ್ರಾಯಣಿ ನದಿಗೆ. ಆಳಂದಿಯಲ್ಲಿ ಬಿಳಿ ನೊರೆಯ ನಡುವೆ ವಾರಕರಿ ಯಾತ್ರಿಕರು ಮುಳುಗೇಳುವ ಫೋಟೋ ನೀವೂ ನೋಡಿರುತ್ತೀರಿ. ಆ ನೊರೆಯಲ್ಲಿ ನಿಮ್ಮ ಪಾಲು ಎಷ್ಟು ಅಂತ ನಾನು ಕೇಳುತ್ತಿಲ್ಲ. ಮೋರಿಯ ಬಾಯಿಗೆ ದಪ್ಪ ರಬ್ಬರ್ ಶೀಟ್, ಅದರ ಮೇಲೆ ಒತ್ತಿಡಲು ಎರಡು ಮರಳು ಚೀಲ ಇಷ್ಟನ್ನು ಮೋರಿಯ ಪಕ್ಕದಲ್ಲೇ ಇಡಿ. ಆಫೀಸಿನ ಕಪಾಟಿನಲ್ಲಿಟ್ಟರೆ ಪ್ರಯೋಜನವಿಲ್ಲ.

ಮೇಲಿನದು ಹೆಚ್ಚಾಗಿ ಸುಟ್ಟ ಗಾಯದ ಮಾತು. ಈಗ ನೇರ ಜೀವದ ಮಾತು. ಆಸಿಡ್ ಸಯನೈಡಿಗೆ ಸೇರಿದರೆ ಹೈಡ್ರೋಜನ್ ಸಯನೈಡ್ ಗ್ಯಾಸ್, ಹೈಪೋಗೆ ಸೇರಿದರೆ ಕ್ಲೋರಿನ್ ಗ್ಯಾಸ್. ನಿಮ್ಮ ಶಾಪಿನಲ್ಲಿ ಈ ಮೂರೂ ಒಂದೇ ಛಾವಣಿಯಡಿ ಇವೆ. ಕಹಿ ಬಾದಾಮಿ ವಾಸನೆ ಬಂದರೆ ಗೊತ್ತಾಗುತ್ತದೆ ಅಂತ ಹಳೇ ಪ್ಲೇಟರ್‌ಗಳು ಹೇಳುತ್ತಾರೆ. ಆ ವಾಸನೆ ಎಷ್ಟೋ ಜನರಿಗೆ ಹುಟ್ಟಿನಿಂದಲೇ ಗೊತ್ತಾಗುವುದಿಲ್ಲ, ಅದನ್ನು ನಂಬಿ ಕೂರಬೇಡಿ. ಚೆಲ್ಲಿದ ನೀರಿನ ಗೆರೆ ಸಯನೈಡ್ ಲೈನ್ ಮುಟ್ಟಿದ್ದರೆ ಮಿಕ್ಕ ಕೆಲಸ ಬಿಟ್ಟು ಮೊದಲು ಅಲ್ಲೊಂದು ಕಟ್ಟೆ ಕಟ್ಟಿಸಿ. ಸಯನೈಡ್ ಡಬ್ಬಗಳು ಬೀಗ ಹಾಕಿದ ಒಣ ಕೋಣೆಯಲ್ಲಿರಲಿ. ಹೈಪೋ ಮತ್ತು ಎಚ್‌ಸಿಎಲ್ ಇಡುವ ಜಾಗಗಳ ನಡುವೆ ಗೋಡೆಯೇ ಇರಲಿ. ಎರಡೂ ನೀಲಿ ಕ್ಯಾನಿನಲ್ಲೇ ಬರುತ್ತಿದ್ದರೆ ಹೈಪೋ ಕ್ಯಾನಿನ ಕುತ್ತಿಗೆಗೆ ಬಿಳಿ ಪೇಂಟ್ ಹೊಡೆಸಿ. ಕತ್ತಲಲ್ಲಿ ಲೇಬಲ್ ಓದುವವರಿಲ್ಲ. ಹೈಪೋ ಕ್ಯಾನಿನ ಬಿರಡೆ ಗಾಳಿ ಬಿಡುವಂಥದ್ದೇ ಆಗಿರಬೇಕು. ಏಪ್ರಿಲ್ ಮೇ ಬಿಸಿಲಿಗೆ ಬಿಗಿ ಮುಚ್ಚಿದ ಕ್ಯಾನ್ ಉಬ್ಬಿ ಸೀಳುತ್ತದೆ.

ಸಯನೈಡ್ ದ್ರಾವಣ ಚೆಲ್ಲಿದರೆ ಅದಕ್ಕೆ ಆಸಿಡ್ ಸೋಕಿಸುವಂತಿಲ್ಲ. ತಡೆದು, ಎತ್ತಿ, ಇಟಿಪಿಯ ಸಯನೈಡ್ ಟ್ಯಾಂಕಿಗೇ ಹಾಕಿ, ಪಿಎಚ್ 10ರ ಮೇಲಿಟ್ಟು ಹೈಪೋ ಕೊಡಬೇಕು. ನಿಮ್ಮ ಇಟಿಪಿ ಆಪರೇಟರಿಗೆ ಇದು ಗೊತ್ತಿರುತ್ತದೆ. ರಾತ್ರಿ ಶಿಫ್ಟಿನಲ್ಲಿ ಆತ ಇರುತ್ತಾನಾ ಎಂಬುದೇ ಪ್ರಶ್ನೆ. ಸಯನೈಡ್ ಇಲ್ಲದ ಅಲ್ಕಲೈನ್ ಜಿಂಕ್ ಬಾತ್ ಬಂದು ಎಷ್ಟೋ ಕಾಲವಾಯಿತು. ನನ್ನನ್ನು ಕೇಳಿದರೆ ಆ ಒಂದು ಲೈನ್ ಬದಲಿಸುವುದು ಎಲ್ಲಾ ಕಿಟ್‌ಗಳಿಗಿಂತ ದೊಡ್ಡ ಸುರಕ್ಷೆ. ಬದಲಿಸುವವರೆಗೆ, ಸಯನೈಡ್ ವಿಷಕ್ಕೆ ಮದ್ದು ಯಾವ ಆಸ್ಪತ್ರೆಯಲ್ಲಿ ಸ್ಟಾಕ್ ಇದೆ ಎಂದು ಈಗಲೇ ಹೋಗಿ ಕೇಳಿಕೊಂಡು ಬನ್ನಿ.

ಕಾಸ್ಟಿಕ್ ಫ್ಲೇಕ್ಸ್ ಚೆಲ್ಲಿದರೆ ಒಣಗಿರುವಾಗಲೇ ಗುಡಿಸಿ ಎತ್ತಿ. ನೀರು ಹಾಕಿದರೆ ಕುದಿಯುತ್ತದೆ, ಜಾರುತ್ತದೆ. ಆಸಿಡ್ ಹಾಕಿ ನ್ಯೂಟ್ರಲ್ ಮಾಡುವ ಬುದ್ಧಿವಂತಿಕೆ ಬೇಡ.

ಆಸಿಡ್ ಯಾವಾಗ ಚೆಲ್ಲುತ್ತದೆ ಎಂದು ಯಾರನ್ನಾದರೂ ಕೇಳಿ ನೋಡಿ. ನಿಂತಿದ್ದ ಕ್ಯಾನ್ ತಾನಾಗಿ ಒಡೆಯುವುದು ಅಪರೂಪ. ಬಗ್ಗಿಸುವಾಗ, ಹೊರುವಾಗ, ಟೆಂಪೋದಿಂದ ಇಳಿಸುವಾಗಲೇ ಜಾಸ್ತಿ. ಸಲ್ಫ್ಯೂರಿಕ್‌ನ 35 ಲೀಟರ್ ಕ್ಯಾನ್ 64 ಕಿಲೋ ತೂಗುತ್ತದೆ. ಅದನ್ನು ಒಬ್ಬ ಹುಡುಗ ತೊಡೆಗೆ ಆನಿಸಿ ಮಗ್ಗಿಗೆ ಬಗ್ಗಿಸುವ ಪದ್ಧತಿ ನಿಮ್ಮಲ್ಲಿದ್ದರೆ ಸ್ಪಿಲ್ ಕಿಟ್ಟಿಗೆ ಕೊಡುವ ದುಡ್ಡಿನಲ್ಲಿ ಮೊದಲು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಹ್ಯಾಂಡ್ ಪಂಪ್ ತನ್ನಿ. ಸಲ್ಫ್ಯೂರಿಕ್‌ಗೆ, ನೈಟ್ರಿಕ್‌ಗೆ ತಡೆಯುತ್ತದಾ ಎಂದು ಬರವಣಿಗೆಯಲ್ಲಿ ಕೇಳಿ ಕೊಳ್ಳಿ. ಕ್ಯಾನ್ ಸಾಗಿಸಲು ಪಟ್ಟಿ ಇರುವ ಟ್ರಾಲಿ ಬೇಕು. ನೀರು ಕುಡಿಯುವ ಬಾಟಲಿಯಲ್ಲಿ ಆಸಿಡ್ ತುಂಬಿಡುವ ಚಾಳಿ ಕಂಡರೆ ಆ ದಿನ ಶಾಪ್ ನಿಲ್ಲಿಸಿಯಾದರೂ ಬಿಡಿಸಿ.

ಕಣ್ಣಿನ ವಿಷಯಕ್ಕೆ ಬರುತ್ತೇನೆ. ಆಸಿಡ್ಡಿಗಿಂತ ಕಾಸ್ಟಿಕ್ ಕಣ್ಣಿಗೆ ಕೆಟ್ಟದ್ದು, ಅದು ಒಳಗೆ ಇಳಿಯುತ್ತಲೇ ಹೋಗುತ್ತದೆ. ಯಾವುದೇ ಬಿದ್ದರೂ ಕಣ್ಣು ಅಗಲಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಹರಿಸಬೇಕು. ಆಮೇಲೆ ಆಸ್ಪತ್ರೆ. ಸೋಡಾ, ಹಾಲು, ತುಪ್ಪ ಯಾವುದೂ ಬೇಡ. ಕಣ್ಣು ತೊಳೆಯುವ ಐವಾಷ್ 10 ಸೆಕೆಂಡ್ ನಡಿಗೆಯೊಳಗೆ ಇರಬೇಕು, ದಾರಿಯಲ್ಲಿ ಜಾಬ್ ಬಾಸ್ಕೆಟ್ ಅಡ್ಡ ಇರಬಾರದು. ಐವಾಷ್‌ಗೆ ನಿಮಿಷಕ್ಕೆ ಒಂದೂವರೆ ಲೀಟರ್, ಅಂದರೆ 15 ನಿಮಿಷಕ್ಕೆ 25 ಲೀಟರ್ ಒಳಗೇ ಆಗುತ್ತದೆ. ಅದು ಕಷ್ಟವಲ್ಲ. ಮೈಗೆ ಬಿದ್ದಾಗ ನಿಲ್ಲುವ ಶವರ್‌ಗೆ ನಿಮಿಷಕ್ಕೆ 75 ಲೀಟರ್ ಬೇಕು. 15 ನಿಮಿಷಕ್ಕೆ 1,100 ಲೀಟರ್ ದಾಟುತ್ತದೆ. ನಿಮ್ಮ ತಗಡಿನ ಮೇಲಿರುವ 500 ಲೀಟರ್ ಟ್ಯಾಂಕ್ ಏಳು ನಿಮಿಷಕ್ಕೇ ಖಾಲಿ. ಜೊತೆಗೆ ಮೇ ತಿಂಗಳ ಮಧ್ಯಾಹ್ನ ಆ ಟ್ಯಾಂಕಿನ ನೀರು ಮುಟ್ಟಿ ನೋಡಿದ್ದೀರಾ? ಅಷ್ಟು ಬಿಸಿ ನೀರಿನ ಕೆಳಗೆ ಯಾರೂ 15 ನಿಮಿಷ ನಿಲ್ಲುವುದಿಲ್ಲ. ಶವರ್ ಟ್ಯಾಂಕ್ ನೆರಳಿನಲ್ಲಿರಲಿ, ಬೇರೆ ಕೆಲಸಕ್ಕೆ ಅದರ ನಲ್ಲಿ ಬೇಡ, ಪೈಪ್ ಬಿಸಿಲಿಗೆ ಹಾಯದಿರಲಿ. ವಾರಕ್ಕೊಮ್ಮೆ ಬಿಟ್ಟು ನೋಡಿ, ತುಕ್ಕು ನೀರು ಮೊದಲೇ ಹೋಗುತ್ತದೆ.

ಇಷ್ಟೆಲ್ಲ ಸಾಮಾನು ಇದ್ದೂ ಶಾಪ್ ಕೈಕೊಡುವುದು ಒಂದೇ ಕಡೆ. ಚೆಲ್ಲಿದ ಕೂಡಲೇ ಯಾರು ಏನು ಹೇಳಬೇಕು ಎಂಬುದು ಗೊತ್ತಿರುವುದಿಲ್ಲ. ಸೇಟ್ ಫೋನ್ ಎತ್ತುವವರೆಗೆ ಎಲ್ಲರೂ ನಿಂತು ನೋಡುತ್ತಾರೆ. ಇಲ್ಲವೇ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ. ನೀವು ಒಂದು ಗಡಿ ಹಾಕಿ. ನಾನು ಸಣ್ಣ ಶಾಪ್‌ಗಳಿಗೆ ಹೇಳುವುದು ಐದು ಲೀಟರ್. ಅದಕ್ಕಿಂತ ಕಡಿಮೆ, ಚೆಲ್ಲಿದ್ದೇನು ಅಂತ ಗೊತ್ತು, ಗಾಳಿ ಆಡುತ್ತಿದೆ, ಕಲಿತ ಇಬ್ಬರು ಇದ್ದಾರೆ, ಆಗ ನಾವೇ ಎತ್ತಬಹುದು. ಅದನ್ನು ಮೀರಿದರೆ ಬಾಗಿಲ ಬಳಿಯ ಮರಳು ಚೀಲ ತಳ್ಳಿ, ಸೀಟಿ ಊದಿ ಹೊರಗೆ ಬರುವುದು. ಆಸಿಡ್ ಸಯನೈಡಿಗೋ ಹೈಪೋಗೋ ಸೇರಿದ್ದರೆ ಒಂದು ಲೋಟವಾದರೂ ಓಟವೇ. ಸೀಟಿ ಊದುವ ಹಕ್ಕು ಹೆಲ್ಪರ್‌ಗೂ ಇರಬೇಕು. ಸುಳ್ಳು ಸೀಟಿ ಅಂತ ಬೈದರೆ ಮುಂದಿನ ಸಲ ಯಾರೂ ಊದುವುದಿಲ್ಲ.

ಸೇರುವ ಜಾಗ ಎರಡು ಗೊತ್ತುಮಾಡಿ. ಪುಣೆಯಲ್ಲಿ ಮಳೆಗಾಲದ ಗಾಳಿ ಪಶ್ಚಿಮದಿಂದ, ಚಳಿಗಾಲದಲ್ಲಿ ಬೇರೆ ಕಡೆಯಿಂದ. ತಗಡಿನ ಮೇಲೊಂದು ರಿಬ್ಬನ್ ಕಟ್ಟಿದರೆ ಗಾಳಿ ಎತ್ತ ಅಂತ ತಿಳಿಯುತ್ತದೆ, ಅದಕ್ಕೆ ಎದುರಾಗಿ ಓಡಬೇಕು. ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಪಕ್ಕದ ಶೆಡ್ಡಿನವರಿಗೆ ಹೇಳುವವನು ಯಾರು, 101ಕ್ಕೆ, 108ಕ್ಕೆ ಫೋನ್ ಮಾಡುವವನು ಯಾರು ಎಂದು ಶಿಫ್ಟಿಗೊಬ್ಬರ ಹೆಸರು ಬರೆದಿಡಿ. ಪ್ಲಾಟ್ ನಂಬರ್, ಬ್ಲಾಕ್, ಹತ್ತಿರದ ಗುರುತು ಅದೇ ಹಾಳೆಯಲ್ಲಿರಲಿ. ಬಿಹಾರದಿಂದ ಮೊನ್ನೆ ಬಂದ ಹುಡುಗನಿಗೆ ನಿಮ್ಮ ಶಾಪಿನ ವಿಳಾಸ ಬಾಯಿಗೆ ಬರುವುದಿಲ್ಲ. ಹಾಳೆ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಇರಲಿ, ಚಿತ್ರವೂ ಇರಲಿ.

ಪ್ರತಿ ಕೆಮಿಕಲ್‌ನ ಎಂಎಸ್‌ಡಿಎಸ್‌ನಲ್ಲಿ (ಸುರಕ್ಷತಾ ಮಾಹಿತಿ ಪತ್ರ) 16 ಭಾಗ ಇರುತ್ತವೆ. ಎಲ್ಲಾ ಓದಿಸಲು ಹೋಗಬೇಡಿ. 4 ಪ್ರಥಮ ಚಿಕಿತ್ಸೆ, 6 ಚೆಲ್ಲಿದಾಗ ಏನು ಮಾಡಬೇಕು, 10 ಯಾವುದರ ಜೊತೆ ಸೇರಬಾರದು. ಆ ಮೂರು ಪುಟ ಗೋಡೆಗೆ ಸಾಕು. ಬಣ್ಣದ ನೀರಿನ ಅಭ್ಯಾಸ ಮೂರು ತಿಂಗಳಿಗೊಮ್ಮೆ ಮಾಡಿಸಿ, ಒಮ್ಮೆಯಾದರೂ ರಾತ್ರಿ ಶಿಫ್ಟಿನಲ್ಲಿ. ತಾರೀಖು ಹಾಕಿ ರಿಜಿಸ್ಟರಿನಲ್ಲಿ ಬರೆಯಿರಿ. ಆಡಿಟರ್ ಮುಂದಿನ ಸಲ ಬಂದಾಗ ಬಕೆಟ್‌ಗಿಂತ ಮೊದಲು ಅದನ್ನೇ ತೋರಿಸಿ.

ಎತ್ತಿದ ಮರಳು, ಪ್ಯಾಡ್, ಗ್ಲೌಸ್ ಘಂಟಾಗಾಡಿಗೆ (ಕಸದ ಗಾಡಿ) ಹಾಕುವಂತಿಲ್ಲ. ಅದು ಅಪಾಯಕಾರಿ ತ್ಯಾಜ್ಯ. ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಲೇಬಲ್ ಹಾಕಿಡಿ. ಆಸಿಡ್ಡಿನದು ಬೇರೆ, ಸಯನೈಡಿನದು ಬೇರೆ. 2016ರ ನಿಯಮದ ಪ್ರಕಾರ 90 ದಿನಕ್ಕಿಂತ ಜಾಸ್ತಿ ಇಟ್ಟುಕೊಳ್ಳಬಾರದು. ನಿಮ್ಮ ಇಟಿಪಿ ಸ್ಲಡ್ಜ್ ಈಗಾಗಲೇ ರಂಜನಗಾಂವ್‌ನ ಅಪಾಯಕಾರಿ ತ್ಯಾಜ್ಯ ಕೇಂದ್ರಕ್ಕೆ ಹೋಗುತ್ತಿದ್ದರೆ ಅದರ ಜೊತೆಗೇ ಕಳಿಸಲು ಕೇಳಿ.

ಇನ್ನು ಶಹಾಬಾದ್ ಫರಸಿ. ನಮ್ಮ ಕಲಬುರಗಿ ಕಡೆಯ ಕಲ್ಲು, ಪುಣೆಯ ಅರ್ಧ ಶಾಪ್‌ಗಳ ನೆಲ ಅದೇ. ಆದರೆ ಅದು ಸುಣ್ಣದ ಕಲ್ಲು. ಆಸಿಡ್ ಬಿದ್ದರೆ ನೊರೆ ಬಂದು ಕರಗುತ್ತದೆ. ನೆಲವೇ ನ್ಯೂಟ್ರಲ್ ಮಾಡಿಕೊಳ್ಳುತ್ತದೆ ಬಿಡಿ ಅಂತ ಕೆಲವರು ನಗುತ್ತಾರೆ. ಸಂದಿ ತಿಂದ ಮೇಲೆ ಆಸಿಡ್ ಮಣ್ಣಿಗೆ ಇಳಿಯುತ್ತದೆ, ಟ್ಯಾಂಕಿನ ಕಾಲು ಕುಸಿಯುತ್ತದೆ. ಕೋಟಾ ಕಲ್ಲು ಹಾಕಿಸೋಣವೆಂದರೆ ಅದೂ ಸುಣ್ಣದ ಕಲ್ಲೇ. ಪಿಕ್ಲಿಂಗ್ ಜಾಗಕ್ಕೂ ಆಸಿಡ್ ಸ್ಟೋರಿಗೂ ಆಸಿಡ್ ಪ್ರೂಫ್ ಟೈಲ್ಸ್ ಹಾಕಿಸಿ, ಸುತ್ತ ಕಟ್ಟೆ ಕಟ್ಟಿಸಿ. ಕಟ್ಟೆಯೊಳಗೆ ದೊಡ್ಡ ಟ್ಯಾಂಕಿನ ಶೇಕಡಾ 110ರಷ್ಟು ಹಿಡಿಯಬೇಕು. 10 ಅಡಿಗೆ 10 ಅಡಿ ಜಾಗಕ್ಕೆ ಅರ್ಧ ಅಡಿ ಕಟ್ಟೆ ಹಾಕಿದರೆ ಸುಮಾರು 1,400 ಲೀಟರ್ ನಿಲ್ಲುತ್ತದೆ. ಒಳಗಿರುವ ಸಾಮಾನಿನ ಜಾಗ ಅದರಲ್ಲಿ ಕಳೆಯಿರಿ. ಸಯನೈಡ್ ಬಾತ್ ಈ ಕಟ್ಟೆಯೊಳಗೆ ಬರಬಾರದು, ಅದಕ್ಕೆ ಬೇರೆ.

ದುಡ್ಡು ಒಮ್ಮೆಲೇ ಆಗದಿದ್ದರೆ ಈ ತಿಂಗಳು ಐವಾಷ್, ಹ್ಯಾಂಡ್ ಪಂಪ್, ಮರಳು. ಮುಂದಿನ ತಿಂಗಳು ಸಯನೈಡ್ ಕಟ್ಟೆ (ನೀರಿನ ಗೆರೆ ಆ ಲೈನ್ ಮುಟ್ಟಿದ್ದರೆ ಅದೇ ಮೊದಲು). ಅಲ್ಲಿವರೆಗೆ ಆಸಿಡ್ ಕ್ಯಾನ್‌ಗಳ ಕೆಳಗೆ ಪ್ಲಾಸ್ಟಿಕ್ ಟ್ರೇ ಇಡಿ. ನೆಲದ ಕೆಲಸ ದೀಪಾವಳಿ ಬಂದ್‌ನಲ್ಲಿ ಮಾಡಿಸಿ, ಸೆಟ್ ಆಗಲು ದಿನ ಬೇಕು. ಟೈಲ್ಸ್ ಸಂದಿಗೆ ಗಾರೆಯವರು ಸಾದಾ ಸಿಮೆಂಟ್ ತುಂಬಿ ಹೋಗದಂತೆ ನೋಡಿಕೊಳ್ಳಿ. ಕಾಸ್ಟಿಕ್ ಬೀಳುವ ಕಡೆ ಎಪಾಕ್ಸಿ ಸರಿ. ನೈಟ್ರಿಕ್ ಇಡುವ ಮೂಲೆಯಲ್ಲಿ ಎಪಾಕ್ಸಿ ತಡೆಯುವುದಿಲ್ಲ, ಅಲ್ಲಿ ಪೊಟ್ಯಾಸಿಯಂ ಸಿಲಿಕೇಟ್ ಮಾರ್ಟರ್ ಕೇಳಿ.